ಬಾಗಲಕೋಟೆಯಿಂದ ಹೋಗಿ ಮಳೆಕಾಡಿನಲ್ಲಿ ಸಂಶೋಧನೆ ಮಾಡಬಹುದೇ?

ಬಾಗಲಕೋಟೆಯಲ್ಲಿ ಬಿ.ಎಸ್ಸಿ. ಮುಗಿಸುತ್ತಿರುವ ನೀವು ಎರಡು ಸಂಗತಿ ಕೇಳಿದ್ದೀರಿ: ವಿದೇಶದ ವಿಶ್ವವಿದ್ಯಾಲಯ ನಮ್ಮಂಥವರನ್ನು ಸೇರಿಸಿಕೊಳ್ಳುತ್ತದೆಯೇ, ಬಿಸಿಲಿನಲ್ಲಿ ಬೆಳೆದವರಿಗೆ ಉಷ್ಣವಲಯದ ಕಾಡಿನ ಕ್ಷೇತ್ರಕಾರ್ಯ ಒಗ್ಗುತ್ತದೆಯೇ. ಮೊದಲನೆಯದಕ್ಕೆ ಉತ್ತರ, ಸೇರಿಸಿಕೊಳ್ಳುತ್ತದೆ. ಎರಡನೆಯದಕ್ಕೆ ನನ್ನ ಎಡ ಅಂಗೈಯನ್ನೇ ತೋರಿಸಬೇಕು. ಅಲ್ಲಿ ಇನ್ನೂ ಮೂರು ಕಪ್ಪು ಚುಕ್ಕೆಗಳಿವೆ.

ನಾನೂ ಬಾಗಲಕೋಟೆಯ ನವನಗರದವನು. ಜರ್ಮನಿಯಲ್ಲಿ ಅರಣ್ಯ ವಿಜ್ಞಾನದ ಎಂ.ಎಸ್ಸಿ. ಓದುವಾಗ ಪ್ರಬಂಧಕ್ಕಾಗಿ ಐದು ತಿಂಗಳು ಪನಾಮಾದ ಬಾರೊ ಕೊಲರಾಡೊ ದ್ವೀಪದಲ್ಲಿದ್ದೆ. ಅದು ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆ ನಡೆಸುವ ಸಂಶೋಧನಾ ಕೇಂದ್ರ. ಗಂಬೋವಾ ಎಂಬ ಊರಿನಿಂದ ದೋಣಿಯಲ್ಲಿ ಹೋಗಬೇಕು. ಪಕ್ಕದಲ್ಲೇ ಪನಾಮಾ ಕಾಲುವೆ ದಾಟುವ, ನಮ್ಮ ಓಣಿಗಿಂತ ಉದ್ದದ ಸರಕು ಹಡಗುಗಳು ಸಾಗುತ್ತಿರುತ್ತವೆ. ವರ್ಷಕ್ಕೆ ಸುಮಾರು 2,600 ಮಿ.ಮೀ. ಮಳೆ. ನಮ್ಮಲ್ಲಿ 600 ಬಿದ್ದರೆ ಒಳ್ಳೆಯ ವರ್ಷ ಎನ್ನುತ್ತೇವೆ.

ಮೊದಲ ವಾರವೇ ಜಾರಿ ಬಿದ್ದೆ. ನಮ್ಮ ಎರೆ ಮಣ್ಣು ಮಳೆಯಲ್ಲಿ ಚಪ್ಪಲಿಗೆ ಮೆತ್ತಿಕೊಂಡು ಕಾಲು ಎತ್ತಗೊಡುವುದಿಲ್ಲ. ಅಲ್ಲಿಯ ಕೆಂಪು ಜೇಡಿ ಕಾಲು ಊರಗೊಡುವುದಿಲ್ಲ. ಬೀಳುವಾಗ ಕೈಗೆ ಸಿಕ್ಕ ಕಾಂಡವನ್ನು ಹಿಡಿದೆ. ಅದು ಅಸ್ಟ್ರೊಕಾರ್ಯಮ್ ಎಂಬ ತಾಳೆ ಜಾತಿಯ ಮರ, ಕಾಂಡದ ಸುತ್ತ ಬೆರಳುದ್ದದ ಕರಿ ಮುಳ್ಳು. ಜೊತೆಗಿದ್ದ ಪನಾಮಾದ ಸಹಾಯಕ ನನ್ನನ್ನು ಬೊಡ್ಡೆಯೊಂದರ ಮೇಲೆ ಕೂರಿಸಿ, ಸೂಜಿಯಿಂದ ಅರ್ಧ ಗಂಟೆ ಮುಳ್ಳು ತೆಗೆದ. ಮೂರು ತುದಿಗಳು ಒಳಗೇ ಉಳಿದವು. ತಮಾಷೆಯೆಂದರೆ, ನಾನು ಅಷ್ಟು ದೂರ ಹೋಗಿದ್ದುದೇ ಆ ಮರದ ಬೀಜಗಳ ಬೆನ್ನುಹತ್ತಿ.

ಆ ಬೀಜಗಳನ್ನು ಅಗೂಟಿ ಎಂಬ, ಇಲಿ-ಅಳಿಲುಗಳ ಬಳಗದ ಮೊಲದ ಗಾತ್ರದ ಪ್ರಾಣಿ ಒಂದೊಂದಾಗಿ ಒಯ್ದು ನೆಲದಲ್ಲಿ ಹೂಳುತ್ತದೆ. ಇನ್ನೊಂದು ಅಗೂಟಿ ಕದ್ದು ಬೇರೆಡೆ ಹೂಳುತ್ತದೆ. ನಾವು ಬೀಜಕ್ಕೆ ದಾರ ಕಟ್ಟಿ, ದಾರದ ತುದಿಗೆ ಗುರುತಿನ ಪಟ್ಟಿ ಹಾಕಿ, ಮರುದಿನ ಆ ಪಟ್ಟಿ ಎಲ್ಲಿ ನೆಲದಿಂದ ಇಣುಕುತ್ತಿದೆ ಎಂದು ಹುಡುಕುತ್ತಿದ್ದೆವು. ಐದು ತಿಂಗಳು ಇದೇ ಕೆಲಸ. ಕಾಲುಚೀಲಕ್ಕೆ ಪ್ಯಾಂಟು ತುರುಕಿದರೂ ರಕ್ತ ಹೀರುವ ಉಣ್ಣಿಗಳು ಸೊಂಟದವರೆಗೆ ಏರುತ್ತಿದ್ದವು. ಜಾಗ್ವಾರ್ ಕಂಡಿತೇ ಎಂದು ಊರಿನಲ್ಲಿ ಎಲ್ಲರೂ ಕೇಳಿದರು. ಇಲ್ಲ, ಗುರುತಿನ ಪಟ್ಟಿ ಕಂಡಿತು.

ಅದೇ ದ್ವೀಪದಲ್ಲಿ 50 ಹೆಕ್ಟೇರಿನ ಒಂದು ತುಂಡು ಕಾಡನ್ನು 1980ರ ದಶಕದ ಆರಂಭದಲ್ಲಿ ಗುರುತಿಸಿ, 1 ಸೆಂ.ಮೀ. ಮತ್ತು ಅದಕ್ಕಿಂತ ದಪ್ಪದ ಪ್ರತಿ ಗಿಡಕ್ಕೂ ಸಂಖ್ಯೆ ಕೊಟ್ಟಿದ್ದಾರೆ. ಎರಡು ಲಕ್ಷಕ್ಕೂ ಹೆಚ್ಚು ಗಿಡಮರಗಳು, ಸುಮಾರು 300 ಜಾತಿಗಳು. ಹೆಚ್ಚುಕಡಿಮೆ ಐದು ವರ್ಷಕ್ಕೊಮ್ಮೆ ಎಲ್ಲವನ್ನೂ ಮತ್ತೆ ಅಳೆಯುತ್ತಾರೆ. ಇದನ್ನು ಓದಿ ನಿಮಗೆ ಬೇಸರ ಬಂದಿದ್ದರೆ ಪ್ರಯೋಗಾಲಯದ ವಿಷಯವನ್ನೇ ಆರಿಸಿಕೊಳ್ಳಿ, ಅದರಲ್ಲಿ ಅವಮಾನವೇನಿಲ್ಲ. ಆಸೆ ಹುಟ್ಟಿದ್ದರೆ ಮೊದಲು ಇಲ್ಲೇ ಕೈ ಪಳಗಿಸಿಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯವರು ಮುದುಮಲೈ ಕಾಡಿನಲ್ಲಿ 1988ರಲ್ಲಿ ಇಂಥದೇ 50 ಹೆಕ್ಟೇರಿನ ತಾಕು ಹಾಕಿದ್ದಾರೆ; ಅಂಥ ಕಡೆ ಒಂದು ಬೇಸಿಗೆ ಸಹಾಯಕರಾಗಲು ಬರೆದು ಕೇಳಿ. ಅಷ್ಟೂ ಆಗದಿದ್ದರೆ ನಮ್ಮ ಆಲಮಟ್ಟಿ ಹಿನ್ನೀರಿದೆಯಲ್ಲ. ನಾನು ಒಂದು ವರ್ಷ ಪ್ರತಿ ಭಾನುವಾರ ಒಂದೇ ಜಾಗದಲ್ಲಿ ನಿಂತು ಹಕ್ಕಿ ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿದ್ದೆ. ಸಂದರ್ಶನದಲ್ಲಿ ನನ್ನ ಅಂಕಗಳ ಬಗ್ಗೆ ಒಂದು ಪ್ರಶ್ನೆ ಬಂತು, ಆ ನೋಟ್‌ಬುಕ್ಕಿನ ಬಗ್ಗೆ ಹತ್ತು.

ಇನ್ನು ಹಣ, ಕಾಗದಪತ್ರ. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಆದರೆ ವೀಸಾಕ್ಕೆ ವರ್ಷದ ಖರ್ಚನ್ನು ಖಾತೆಯಲ್ಲಿ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಅದನ್ನು 11,904 ಯೂರೊಗೆ ಏರಿಸಿದರು. ನಿಮ್ಮ ಪದವಿ, ಅಂಕಪಟ್ಟಿ ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರಕ್ಕೆ ಬೇಗ ಅರ್ಜಿ ಹಾಕಿ. ಮೂರು ವರ್ಷದ ಪದವಿಯನ್ನು ಕೆಲವೆಡೆ ಒಪ್ಪುತ್ತಾರೆ, ಕೆಲವೆಡೆ ಇಲ್ಲ. ನನ್ನ ಸಾಲದ ಅರ್ಜಿ ನೋಡಿದ ಬ್ಯಾಂಕಿನವರೊಬ್ಬರು "ಕಾಡು ಸುತ್ತಲು ಸಾಲವೇ?" ಎಂದು ನಕ್ಕಿದ್ದರು, ಎರಡನೆಯ ಬ್ಯಾಂಕಿಗೆ ಹೋದೆ. ಪನಾಮಾದಂಥ ದೇಶದಿಂದ ಮರಳುವಾಗ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕೈಯಲ್ಲಿರಲಿ. ಇಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ತಡೆದು ಪ್ರತ್ಯೇಕವಾಗಿ ಇಡುತ್ತಾರೆ.

ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ ದ್ವೀಪದ ತೇವಕ್ಕೆ ಮೂರನೆಯ ದಿನ ಮೆತ್ತಗಾಯಿತು. ಉಳಿದದ್ದನ್ನು ಕ್ಯಾಮೆರಾ ಇಡುವ ಒಣ ಕಪಾಟಿನಲ್ಲಿ ಬಚ್ಚಿಟ್ಟೆ. ಕಪಾಟಿನ ಉಸ್ತುವಾರಿಯವರಿಗೆ ಗೊತ್ತಾದಾಗ ಶೇಂಗಾ ಚಟ್ನಿ ಲಂಚ ಕೊಡಬೇಕಾಯಿತು.

ಒಮ್ಮೆ ಅಪ್ಪನಿಗೆ ಫೋನಿನಲ್ಲಿ ಹೇಳಿದೆ: ಇದು ಮೊದಲಿನಿಂದಲೂ ದ್ವೀಪವಲ್ಲ, ಗುಡ್ಡದ ನೆತ್ತಿ. ಪನಾಮಾ ಕಾಲುವೆಗೆಂದು ಚಾಗ್ರೆಸ್ ನದಿಗೆ ಅಣೆಕಟ್ಟು ಕಟ್ಟಿದಾಗ 1913ರ ಹೊತ್ತಿಗೆ ಸುತ್ತ ನೀರು ತುಂಬಿತು, ಹಳೆಯ ಊರುಗಳು ತಳ ಸೇರಿದವು. ಅಪ್ಪ ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಂದವರು. ಕಾಡನ್ನು ಕೇಳಲಿಲ್ಲ, ಪ್ರಬಂಧವನ್ನು ಕೇಳಲಿಲ್ಲ. "ಅಲ್ಲಿಯೂ ಮುಳುಗಡೆಯೇ? ಪರಿಹಾರ ಎಷ್ಟು ಕೊಟ್ಟರಂತೆ?" ಎಂದರು. ಮರುದಿನ ದೋಣಿಯವನನ್ನು ನನ್ನ ಹರುಕು ಸ್ಪ್ಯಾನಿಷ್‌ನಲ್ಲಿ ಕೇಳಿದೆ. ಅವನ ಮುತ್ತಜ್ಜಿಯೂ ಸಾಯುವವರೆಗೆ ಅದನ್ನೇ ಕೇಳುತ್ತಿದ್ದಳಂತೆ.