ಡ್ರಾಯರ್ ಕೂರಿಸುವ ಮೊದಲು ಗಾಡಿ ತೂಕ ಹಾಕಿಸಿ

ಈ ತಿಂಗಳೂ ಅದೇ ಪ್ರಶ್ನೆಗಳು. ದೂರ ಪ್ರಯಾಣ, ಸಾಮಾನಿಗೆ ಜಾಗ ಸಾಲದು, ಏನು ಮಾಡಿಸಲಿ ಅಂತ. ತುಮಕೂರಿನ ನನ್ನ ಶೆಡ್‌ಗೆ ಬರುವವರೂ ಇದನ್ನೇ ಕೇಳುತ್ತಾರೆ. ಒಂದಕ್ಕೆ ಮಾತ್ರ ಉದ್ದವಾಗಿ ಉತ್ತರಿಸುತ್ತೇನೆ, ಯಾಕಂದ್ರೆ ಅದು ಜೀವದ ವಿಷಯ.

ನನ್ನದು ಐದು ಬಾಗಿಲಿನ ಮಾರುತಿ ಜಿಮ್ನಿ. ನಾಲ್ಕು ಜನ ಹಿಮಾಚಲದ ಸ್ಪಿಟಿ ಕಣಿವೆಗೆ ಹೊರಟಿದ್ದೇವೆ. ಹಿಂದೆ ಪ್ಲೈವುಡ್ ಡ್ರಾಯರ್ ಮಾಡಿಸಬೇಕು. ಪರಿಚಯದ ಬಡಗಿ ಸ್ಕ್ರೂ ಹೊಡೆದು ಕೂರಿಸಿಕೊಡುತ್ತೇನೆ ಅಂದಿದ್ದಾರೆ. ಮೇಲೆ ಕ್ಯಾರಿಯರ್ ಕೂಡ ಹಾಕಿಸಲೇ? (ಶಿರಾದ ಓದುಗರು)

ನಾಲ್ಕು ಜನ ಹೋಗುವುದಾದರೆ ಡ್ರಾಯರ್ ಬೇಡ. ಸುಮ್ನೆ ಹೇಳುತ್ತಿಲ್ಲ, ಲೆಕ್ಕ ನೋಡಿ. ಜಿಮ್ನಿಯ ಖಾಲಿ ತೂಕ ಸುಮಾರು 1,200 ಕೆ.ಜಿ. ಗಾಡಿ, ಜನ, ಸಾಮಾನು ಎಲ್ಲ ಸೇರಿ ಇರಬಹುದಾದ ಗರಿಷ್ಠ ತೂಕ 1,545. ಉಳಿದದ್ದು 345. ಒಬ್ಬೊಬ್ಬರಿಗೆ 70 ಕೆ.ಜಿ. ಹಿಡಿದರೂ ನಾಲ್ಕು ಜನಕ್ಕೆ 280 ಹೋಯಿತು. ಇನ್ನು 65 ಕೆ.ಜಿ.ಯಲ್ಲಿ ಬಟ್ಟೆ, ನೀರು, ಟೂಲ್ಸ್, ಅಡುಗೆ ಸಾಮಾನು ಎಲ್ಲ ಬರಬೇಕು. 12 ಮಿ.ಮೀ. ಪ್ಲೈವುಡ್‌ನ 8×4 ಅಡಿ ಶೀಟ್ ಒಂದೇ 22–23 ಕೆ.ಜಿ. ತೂಗುತ್ತದೆ. ಎರಡು ಶೀಟ್, ಸ್ಲೈಡು, ಬೋಲ್ಟು ಸೇರಿದರೆ 50 ದಾಟಿತು. ಅಲ್ಲಿಗೆ ಖಾಲಿ ಡ್ರಾಯರ್ ಹೊತ್ತುಕೊಂಡು ಸ್ಪಿಟಿಗೆ ಹೋದ ಹಾಗಾಯಿತು. ಹಿಂದಿನ ಸೀಟು ಎತ್ತಿದ್ದಾಗ ಉಳಿಯುವ ಜಾಗವೂ ಬರೀ 208 ಲೀಟರ್. ಅಷ್ಟರಲ್ಲಿ ಗಟ್ಟಿ ಬಟ್ಟೆಯ ಬ್ಯಾಗುಗಳನ್ನು ಜೋಡಿಸಿ, ಗಾಡಿಯ ಜೊತೆ ಬಂದ ಕೊಕ್ಕೆಗಳಿಗೆ ರ‍್ಯಾಚೆಟ್ ಬೆಲ್ಟ್‌ನಿಂದ ಬಿಗಿಯುವುದೇ ಸರಿ.

ಇಬ್ಬರೇ ಹೋಗುವವರಾದರೆ ಮಾತು ಬೇರೆ. ಸೀಟು ಮಡಚಿ ಡ್ರಾಯರ್ ಮಾಡಿಸಿ. ಆದರೆ ಸ್ಕ್ರೂ ಹೊಡೆದು ಕೂರಿಸುವ ಮಾತು ಬೇಡವೇ ಬೇಡ.

ಹೋದ ವರ್ಷ ದೇವರಾಯನದುರ್ಗದಿಂದ ಇಳಿಯುವಾಗ ತಿರುವಿನಲ್ಲಿ ಹಸು ಅಡ್ಡ ಬಂದು ಜೋರಾಗಿ ಬ್ರೇಕ್ ಹಾಕಿದ ಗಾಡಿಯೊಂದು ನನ್ನಲ್ಲಿಗೆ ಬಂತು. ಹಿಂದಿನ ಪೆಟ್ಟಿಗೆ ಮುಂದೆ ಸರಿದು ಸೀಟಿನ ಬೆನ್ನಿಗೆ ಒತ್ತಿಕೊಂಡಿತ್ತು. ಕಾರ್ಪೆಟ್ ಎತ್ತಿ ನೋಡಿದೆ. ಆರು ಸ್ಕ್ರೂಗಳಲ್ಲಿ ನಾಲ್ಕು ಕಿತ್ತು ಬಂದಿದ್ದವು. ತಗಡಿನ ತೂತುಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದವು, ಅಂಚಿಗೆಲ್ಲ ತುಕ್ಕು. ಗಾಡಿ ಮೇಲೆತ್ತಿ ಕೆಳಗಿನಿಂದ ಟಾರ್ಚ್ ಬಿಟ್ಟರೆ, ಐದನೇ ಸ್ಕ್ರೂವಿನ ಚೂಪು ತುದಿ ಡೀಸೆಲ್ ಪೈಪಿನಿಂದ ಒಂದು ಬೆರಳಿನಷ್ಟು ದೂರದಲ್ಲಿತ್ತು. ಹಿಂದಿನ ಸೀಟಿನಲ್ಲಿ ಇಬ್ಬರು ಮಕ್ಕಳು ಕೂತಿದ್ದರಂತೆ. ಅದು ಬರೀ ಬ್ರೇಕ್ ಹಾಕಿದ್ದು, ಯಾವುದಕ್ಕೂ ಗುದ್ದಿದ್ದಲ್ಲ.

ಗುದ್ದಿದರೆ ಏನಾಗುತ್ತದೆ ಗೊತ್ತಾ? 50 ಕಿ.ಮೀ. ವೇಗದಲ್ಲಿರುವ ಗಾಡಿಯ ಮುಂಭಾಗ ಅರ್ಧ ಮೀಟರ್ ನುಗ್ಗಾಗಿ ನಿಂತಿತು ಅಂದುಕೊಳ್ಳಿ. ಒಳಗಿನ ಪ್ರತಿಯೊಂದು ವಸ್ತುವನ್ನೂ ಹಿಡಿದು ನಿಲ್ಲಿಸಲು ಅದರ ತೂಕದ ಸುಮಾರು 20 ಪಟ್ಟು ಬಲ ಬೇಕು. 15 ಕೆ.ಜಿ. ಟೂಲ್‌ಬಾಕ್ಸ್‌ಗೆ 300 ಕೆ.ಜಿ. ಭಾರ ತಡೆಯುವ ಹಿಡಿತ. ತುಂಬಿದ 80 ಕೆ.ಜಿ. ಡ್ರಾಯರ್‌ಗೆ ಒಂದೂವರೆ ಟನ್‌ಗೂ ಜಾಸ್ತಿ. ತೆಳು ತಗಡಿಗೆ ಕಚ್ಚಿದ ಸ್ಕ್ರೂ ಇದನ್ನು ತಡೆಯುತ್ತದಾ? ಮರದ ಕೆಲಸದಲ್ಲಿ ನಿಮ್ಮ ಬಡಗಿ ಎಷ್ಟೇ ಜಾಣರಿರಲಿ, ಬೀರುವಿಗೆ ಈ ಹೊಡೆತ ಬೀಳುವುದಿಲ್ಲ.

ಹಾಗಾಗಿ ಸೀಟು ಅಥವಾ ಕೊಕ್ಕೆ ಕೂರಿಸಲು ಕಂಪನಿಯೇ ಬಿಟ್ಟಿರುವ ಬೋಲ್ಟ್ ಜಾಗಗಳನ್ನೇ ಬಳಸಿ. ಅಲ್ಲಿ ಕೆಳಗೆ ದಪ್ಪ ಲೋಹ ಇರುತ್ತದೆ. ಹೊಸ ತೂತು ಹಾಕಲೇಬೇಕು ಅಂದರೆ ಗಾಡಿ ಮೇಲೆತ್ತಿ ಟ್ಯಾಂಕು, ಬ್ರೇಕ್ ಪೈಪು, ವೈರು ಎಲ್ಲಿವೆ ಅಂತ ಕಣ್ಣಾರೆ ನೋಡಿದ ಮೇಲೆಯೇ ಡ್ರಿಲ್ ಮುಟ್ಟಿ. ಬೋಲ್ಟ್ ತಲೆಯ ಮೇಲೆ 8.8 ಅಂತ ಗಟ್ಟಿತನದ ಗುರುತಿನ ಅಚ್ಚು ಇರಲಿ, 8 ಮಿ.ಮೀ.ಗಿಂತ ಸಣ್ಣದು ಬೇಡ. ಕೆಳಗಡೆ 3 ಮಿ.ಮೀ. ಕಬ್ಬಿಣದ ಪ್ಲೇಟ್ ಕೊಡಿ, ತೂತಿನ ಅಂಚಿಗೆ ಪ್ರೈಮರ್ ಹಚ್ಚಿ. ಡ್ರಾಯರ್‌ಗೆ ಲಾಕ್ ಇರಲೇಬೇಕು. ಭಾರದ ಸಾಮಾನು ಎಲ್ಲಕ್ಕಿಂತ ಕೆಳಗೆ, ಆದಷ್ಟು ಮುಂದಕ್ಕೆ. ಸೀಟಿನ ಬೆನ್ನಿಗಿಂತ ಎತ್ತರ ಪೇರಿಸುವುದಾದರೆ ಮಧ್ಯೆ ಜಾಲರಿ ಹಾಕಿಸಿ, ಆದರೆ ಕಿಟಕಿ ಮೇಲಿನ ಕರ್ಟನ್ ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಗೆ ಅದು ಅಡ್ಡ ಬರಬಾರದು.

ಇನ್ನು ಕ್ಯಾರಿಯರ್. ಚಾವಣಿ ಎಷ್ಟು ತಡೆಯುತ್ತದೆ ಅಂತ ಗಾಡಿಯ ಮ್ಯಾನುಯಲ್‌ನಲ್ಲಿ ಇರುತ್ತದೆ, ಅಂಗಡಿಯವರ ಬಾಯಲ್ಲಿ ಅಲ್ಲ. ಆ ಲೆಕ್ಕದಲ್ಲಿ ಕ್ಯಾರಿಯರ್‌ನ ತೂಕವೂ ಸೇರುತ್ತದೆ. ಹಾಸಿಗೆ, ಟೆಂಟಿನ ಬಟ್ಟೆಯಂಥ ಹಗುರದ್ದನ್ನಷ್ಟೇ ಮೇಲಿಡಿ. ನೀರಿನ ಕ್ಯಾನ್, ಸ್ಟೆಪ್ನಿ ಮೇಲಿಟ್ಟರೆ ಓರೆ ರಸ್ತೆಯಲ್ಲಿ ಗಾಡಿ ಮಗುಚಲು ನೀವೇ ಕೈಹಿಡಿದು ಕರೆದ ಹಾಗೆ.

ಸ್ಪ್ರಿಂಗ್ ಮಧ್ಯೆ ರಬ್ಬರ್ ಬಫರ್ ಹಾಕಿದರೆ ಎಷ್ಟು ಲೋಡ್ ಬೇಕಾದರೂ ಹಾಕಬಹುದು ಅಂತಾರೆ, ನಿಜವೇ?

ಶುದ್ಧ ಸುಳ್ಳು. ಹಿಂಭಾಗ ಕುಸಿಯುವುದು ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೇ. ಬ್ರೇಕು, ಆಕ್ಸಲ್, ಟೈರು ಹಳೆಯವೇ ಅಲ್ವಾ? ರಬ್ಬರ್ ಮಾರುವವರು ಅದನ್ನು ಹೇಳುವುದಿಲ್ಲ.

ತೂಕ ಜಾಸ್ತಿ ಇದ್ದರೆ ಗಾಡಿ ರೋಡ್ ಹಿಡಿಯುತ್ತದಂತೆ?

ಘಾಟಿ ಇಳಿಯುವಾಗ ಬ್ರೇಕ್ ಕಾದು ಸುಟ್ಟ ವಾಸನೆ ಬಂದರೆ ಉತ್ತರ ಗೊತ್ತಾಗುತ್ತದೆ.

ಹಿಂದಿನ ಸೀಟು ಪೂರ್ತಿ ತೆಗೆಸಿಬಿಡಲೇ?

ಜಿಮ್ನಿಯ ಆರ್‌ಸಿಯಲ್ಲಿ ನಾಲ್ಕು ಸೀಟು ಅಂತಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದನ್ನು ನಮ್ಮಿಷ್ಟಕ್ಕೆ ಬದಲಿಸುವಂತಿಲ್ಲ. ಮಡಚಿ ಸಾಕು.

ಸ್ಪಿಟಿಗೆ ಪೆಟ್ರೋಲನ್ನು ನೀರಿನ ಕ್ಯಾನ್‌ನಲ್ಲಿ ಒಯ್ಯಬಹುದೇ?

ದಯವಿಟ್ಟು ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಕಾಲಡಿಯಲ್ಲೇ ಮಡುಗಟ್ಟುತ್ತದೆ, ಒಂದು ಕಿಡಿ ಸಾಕು. ದಾರಿಯಲ್ಲಿ ಸಿಗುವ ರೆಕಾಂಗ್ ಪಿಯೋ ಊರಿನ ಸುತ್ತ ತುಂಬಿಸಿದರೆ ಸ್ಪಿಟಿಯ ಕಾಜಾದ ಬಂಕ್‌ಗೆ ಸುಮಾರು 200 ಕಿ.ಮೀ. ಜಿಮ್ನಿ ಟ್ಯಾಂಕ್ 40 ಲೀಟರಿನದು. ಲೀಟರಿಗೆ 10 ಕಿ.ಮೀ. ಕೊಟ್ಟರೂ ಕ್ಯಾನ್ ಬೇಕಾಗುವುದಿಲ್ಲ.

ಸಾಮಾನು ಕಟ್ಟಲು ಎಲಾಸ್ಟಿಕ್ ಹಗ್ಗ ಸಾಕಾ?

ಜರ್ಕಿನ್ ಹಿಡಿದಿಡಲು ಸಾಕು.

ತೂಕ ಎಲ್ಲಿ ಹಾಕಿಸುವುದು?

ಲಾರಿಗಳು ಹೋಗುವ ವೇಬ್ರಿಡ್ಜ್‌ನಲ್ಲೇ. ಟ್ಯಾಂಕ್ ತುಂಬಿಸಿ, ಬ್ಯಾಗುಗಳನ್ನೆಲ್ಲ ಇಟ್ಟು, ಹೋಗುವವರೆಲ್ಲ ಒಳಗೆ ಕೂತು ಒಮ್ಮೆ ಪೂರ್ತಿ ತೂಕ, ಆಮೇಲೆ ಹಿಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಇನ್ನೊಮ್ಮೆ. ಆ ಚೀಟಿ ಹಿಡಿದು ಬನ್ನಿ. ಚೀಟಿ ಇಲ್ಲದ ಗಾಡಿಗೆ ನಾನು ಡ್ರಾಯರ್ ಕೂರಿಸುವುದಿಲ್ಲ.