ಅಳತೆ ತೆಗೆಯದೆ ಬಂದ ಬಟ್ಟೆ

ಓದುಗರ ಪತ್ರ:

"ಮಾಷ್ಟ್ರೇ, ನಾನು ಕಾಸರಗೋಡಿನ ಬದಿಯಡ್ಕದ ಕಡೆಯವನು. ವಯಸ್ಸು 24. ಹುಟ್ಟಿದಾಗ ಹೆಣ್ಣು ಎಂದು ಬರೆಸಿದರು. ನಾನು ಟ್ರಾನ್ಸ್ ಪುರುಷ. ಎದೆ ಚಪ್ಪಟೆಯಾಗಿ ಕಾಣಲಿ ಎಂದು ಶರ್ಟಿನ ಒಳಗೆ ಬೈಂಡರ್ ಹಾಕುತ್ತೇನೆ. ಎರಡು ವರ್ಷದಲ್ಲಿ ಮೂರು ತರಿಸಿದೆ. ಒಂದರಲ್ಲಿ ಉಸಿರು ಕಟ್ಟುತ್ತದೆ. ಒಂದು ಕೆಳಗಿನಿಂದ ಸುರುಳಿ ಸುತ್ತಿ ಮೇಲೆ ಬರುತ್ತದೆ. ಇನ್ನೊಂದು ಕಂಕುಳನ್ನು ಕೊಯ್ಯುತ್ತದೆ. ಒಳಉಡುಪು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ. ಈಗ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಕೆಲಸಕ್ಕೆ ಹೋಗುತ್ತೇನೆ. ದೊಡ್ಡ ಶರ್ಟ್ ಹಾಕಿ ಸುಮ್ನಿರು ಎನ್ನುತ್ತಾರೆ ಅಮ್ಮ. ನನ್ನ ಮೈಯೇ ಸರಿ ಇಲ್ಲ ಅನ್ನಿಸುತ್ತದೆ. ಇಂಥದ್ದನ್ನು ನಿಮ್ಮ ಪತ್ರಿಕೆಗೆ ಬರೆಯಬಾರದೋ ಏನೋ, ಕ್ಷಮಿಸಿ."

ಸಂಪಾದಕರ ಉತ್ತರ:

ಕ್ಷಮೆ ಯಾಕೆ? ಅಡಿಕೆಯ ಕೊಳೆರೋಗಕ್ಕೆ ಈ ಪತ್ರಿಕೆ ಎಷ್ಟು ಪುಟ ಕೊಟ್ಟಿದೆ ನೋಡಿ. ಮನುಷ್ಯನ ಪಕ್ಕೆಲುಬಿಗೆ ಒಂದು ಪುಟ ಕೊಡಲಾರೆವೇ?

ಮೊದಲು ಆ ಬ್ಯಾಂಡೇಜ್ ಬಿಚ್ಚಿ. ಇವತ್ತೇ. ಉಳುಕಿದ ಕಾಲಿಗೆ, ಊದಿದ ಮಣಿಕಟ್ಟಿಗೆ ಎಂದು ಮಾಡಿದ ವಸ್ತು ಅದು. ಎದೆಗೆ ಸುತ್ತಿದರೆ ನೀವು ಉಸಿರು ಬಿಟ್ಟಾಗ ಇನ್ನಷ್ಟು ಬಿಗಿಯುತ್ತದೆ, ಮತ್ತೆ ಎಳೆದುಕೊಳ್ಳಲು ಜಾಗ ಕೊಡುವುದಿಲ್ಲ. ಪಕ್ಕೆಲುಬಿಗೆ ಪೆಟ್ಟಾಗುವುದೂ ಉಂಟು. ಅಂಟುವ ಪ್ಯಾಕಿಂಗ್ ಟೇಪು ಅದಕ್ಕಿಂತ ಕೆಟ್ಟದ್ದು, ಚರ್ಮವನ್ನೇ ಕಿತ್ತುಕೊಂಡು ಬರುತ್ತದೆ. ಸರಿಯಾದ ಬೈಂಡರ್ ಸಿಗುವ ತನಕ ಬಿಗಿಯಾದ ಸ್ಪೋರ್ಟ್ಸ್ ಬ್ರಾ, ಅದರ ಮೇಲೆ ದಪ್ಪ ಬನಿಯನ್ ಸಾಕು. ಪೂರ್ತಿ ಚಪ್ಪಟೆಯಾಗಲಿಕ್ಕಿಲ್ಲ. ಆದರೆ ಉಸಿರಾಡಬಹುದು.

ನಿಮ್ಮ ಅಮ್ಮನ ಮೇಲೆ ನನಗೆ ಕೋಪವಿಲ್ಲ. ಮಗು ಉಸಿರು ಹಿಡಿದು ನಡೆಯುವುದನ್ನು ನೋಡಿದ ಯಾವ ತಾಯಿಯಾದರೂ ಸಡಿಲ ಅಂಗಿ ಹಾಕು ಎಂದಾಳು. ಅಷ್ಟರ ಮಟ್ಟಿಗೆ ಅವರ ಮಾತು ಸರಿ. ಸುಮ್ನಿರು ಎಂದದ್ದನ್ನು ಮಾತ್ರ ಒಪ್ಪಲಾರೆ.

ಇನ್ನು ಮೈ ಸರಿ ಇಲ್ಲ ಎಂದಿರಲ್ಲ, ಆ ಸಾಲನ್ನು ಓದಿ ನನಗೆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಅಪ್ಪ ಕುಂಬಳೆಯಲ್ಲಿ ಟೈಲರ್ ಆಗಿದ್ದರು. ಅವರ ಅಳತೆ ಪುಸ್ತಕ ಈಗಲೂ ನನ್ನ ಮೇಜಿನಲ್ಲಿ ಇದೆ. ಒಬ್ಬರ ಹೆಸರಿನ ಮುಂದೆ "ಬಲ ಭುಜ ಅರ್ಧ ಇಂಚು ಕೆಳಗೆ" ಎಂದಿದೆ. ಆತ ಅಡಿಕೆ ಗೋಣಿ ಹೊರುತ್ತಿದ್ದವರು. ಇನ್ನೊಬ್ಬರಿಗೆ "ಬೆನ್ನು ಗೂನು, ಹಿಂದೆ ಒಂದು ಇಂಚು ಉದ್ದ". ಅಪ್ಪ ಅವರಿಗೆ ಭುಜ ಸರಿ ಮಾಡಿಕೊಂಡು ಬನ್ನಿ ಎಂದು ಹೇಳಲಿಲ್ಲ. ಬಟ್ಟೆಯನ್ನು ಭುಜಕ್ಕೆ ತಕ್ಕಂತೆ ಕತ್ತರಿಸಿದರು. ಅಂಗಿ ಹಾಕಿಕೊಂಡು ಕನ್ನಡಿ ನೋಡಿದ ಮನುಷ್ಯ ನೆಟ್ಟಗೆ ನಿಲ್ಲುತ್ತಿದ್ದ. ನಾನು ಚಿಕ್ಕವನಿದ್ದಾಗ ದಿನಾ ನೋಡಿದ ದೃಶ್ಯ ಅದು.

ಈ ಸ್ಮಾಲ್, ಮೀಡಿಯಂ, ಲಾರ್ಜ್ ಎಲ್ಲಿಂದ ಬಂತು? ಅಮೆರಿಕದ ಸರ್ಕಾರ 1939-40ರಲ್ಲಿ ಸುಮಾರು 15 ಸಾವಿರ ಹೆಂಗಸರ ಮೈ ಅಳೆಯಿತು. ಒಬ್ಬೊಬ್ಬರ ಮೇಲೆ 59 ಅಳತೆ. ಕೊನೆಗೆ ಲೆಕ್ಕಕ್ಕೆ ಹಿಡಿದದ್ದು ಬಿಳಿಯರ ಅಳತೆ ಮಾತ್ರ. ನಮ್ಮ ದೇಶದಲ್ಲಿ ಆರು ನಗರಗಳ 25 ಸಾವಿರ ಜನರನ್ನು ಅಳೆಯುವ ಯೋಜನೆ ಹಾಕಿದ್ದೇ ಮೊನ್ನೆ ಮೊನ್ನೆ. ಅಲ್ಲಿಯವರೆಗೆ ನಾವು ಹಾಕಿದ ಸೈಜ್ ಎಲ್ಲ ಎರವಲು. ಅದರಲ್ಲೂ ಗಂಡಿನದೊಂದು ಪಟ್ಟಿ, ಹೆಣ್ಣಿನದೊಂದು ಪಟ್ಟಿ. ನಿಮ್ಮ ಭುಜ ಒಂದು ಪಟ್ಟಿಯಲ್ಲಿ, ಎದೆ ಇನ್ನೊಂದು ಪಟ್ಟಿಯಲ್ಲಿ ಇದ್ದರೆ ತಪ್ಪು ಪಟ್ಟಿಯದು ಅಲ್ವಾ?

ತರಿಸುವ ಬೈಂಡರ್ ಎಲ್ಲವೂ ಕೆಟ್ಟದ್ದಲ್ಲ. ತಿಳಿದವರು ಮಾಡಿದ ಒಳ್ಳೆಯವೂ ಇವೆ. ಗುಟ್ಟಾಗಿ ಬರುತ್ತದೆ ಎಂಬ ಅನುಕೂಲವೂ ಉಂಟು. ಆದರೆ 1,800 ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ನೂರಕ್ಕೆ 97 ಮಂದಿಗೆ ಎದೆ ಕಟ್ಟುವುದರಿಂದ ಏನಾದರೊಂದು ತೊಂದರೆ ಆಗಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಬೆನ್ನುನೋವು. ಅಂಗಡಿಯ ಬೈಂಡರ್ ಹಾಕಿದವರೂ ಪಾರಾಗಿರಲಿಲ್ಲ. ವಾರದಲ್ಲಿ ಜಾಸ್ತಿ ದಿನ ಕಟ್ಟಿದವರಿಗೆ ತೊಂದರೆಯೂ ಜಾಸ್ತಿ. ಅದೇ ಜನ ಕಟ್ಟಿದ ಮೇಲೆ ಮನಸ್ಸಿನ ಕಳವಳ ಕಡಿಮೆಯಾಯಿತು ಎಂದೂ ಹೇಳಿದ್ದರು. ಆದ್ದರಿಂದ ಕಟ್ಟಲೇಬೇಡಿ ಎನ್ನುವವರ ಸಾಲಿನಲ್ಲಿ ನಾನಿಲ್ಲ.

ಒಂದು ವಿಷಯಕ್ಕೆ ನಿಮ್ಮನ್ನು ಗದರಿಸಲೇಬೇಕು. ಉಸಿರು ಕಟ್ಟುವ ಆ ಮೊದಲನೆಯದನ್ನು ನೀವು ಬೇಕೆಂದೇ ಒಂದು ಸೈಜ್ ಚಿಕ್ಕದು ತರಿಸಿದ್ದೀರಿ ಎಂದು ನನ್ನ ಅನುಮಾನ. ಬಿಗಿಯಾದಷ್ಟೂ ಚಪ್ಪಟೆ ಎಂದುಕೊಂಡಿರಬಹುದು. ಹಾಗಲ್ಲ. ಒಳ್ಳೆಯ ಬೈಂಡರ್ ಎದೆಯನ್ನು ಒಳಕ್ಕೆ ತುರುಕುವುದಿಲ್ಲ, ಅಕ್ಕಪಕ್ಕಕ್ಕೆ ಹರಡಿ ಕೂರಿಸುತ್ತದೆ. ಚಿಕ್ಕದಾದರೆ ಹರಡಲು ಜಾಗವೇ ಇರುವುದಿಲ್ಲ. ಮಾಂಸ ಕಂಕುಳಿನಿಂದ, ಕುತ್ತಿಗೆಯಿಂದ ಹೊರಗೆ ಬರುತ್ತದೆ.

ಕೆಲವು ವರ್ಷದ ಹಿಂದೆ ಒಂದು ಮಹಿಳಾ ಯಕ್ಷಗಾನ ತಂಡದ ಚೌಕಿಯಲ್ಲಿ, ಎಂದರೆ ವೇಷ ಕಟ್ಟುವ ಕೋಣೆಯಲ್ಲಿ, ಕೂತಿದ್ದೆ. ಬಭ್ರುವಾಹನನ ವೇಷದ ಹುಡುಗಿ ವೇಷದ ಅಂಗಿಯಾದ ದಗಲೆಯ ಒಳಗೆ ಚೂಡಿದಾರದ ವೇಲನ್ನು ನಾಲ್ಕು ಸುತ್ತು ಬಿಗಿದು ಕಟ್ಟಿಕೊಂಡಿದ್ದಳು. ಸುತ್ತುತ್ತಾ ಹಾರುವ ಧಿಗಿಣ ಹಾಕಿ ಒಳಗೆ ಬಂದವಳಿಗೆ ಮಾತೇ ಹೊರಡಲಿಲ್ಲ. ತುಟಿ ಬಿಳಿಚಿತ್ತು. ವೇಷ ಕಟ್ಟುವ ಹಿರಿಯರು ಓಡಿ ಬಂದು ದಗಲೆ ಸಡಿಲಿಸಿ, ಹೆಂಗಸರನ್ನು ಕರೆದು ವೇಲು ಬಿಚ್ಚಿಸಿದರು. ಮುಂದಿನ ಆಟಕ್ಕೆ ಅವರೇ ಒಂದು ಗಟ್ಟಿ ಕಾಟನ್ ಬನಿಯನ್ ಹೊಲಿಸಿ ತಂದರು. ಎದುರು ಎರಡು ಪದರ, ಬೆನ್ನಿಗೆ ಹಿಗ್ಗುವ ಬಟ್ಟೆ. ಆ ರಾತ್ರಿ ಬಭ್ರುವಾಹನ ಅರ್ಜುನನನ್ನು ಸೋಲಿಸಿದ್ದನ್ನು ಊರೆಲ್ಲ ನೋಡಿತು. ಯಕ್ಷಗಾನ ಕವಿ ಪಾರ್ತಿ ಸುಬ್ಬನ ಊರಿನವರು ನಾವು. ಗಂಡಸು ಸ್ತ್ರೀವೇಷ ಹಾಕಿ ದ್ರೌಪದಿಯಾಗಿ ಅತ್ತರೆ ಜೊತೆಗೆ ಅಳುತ್ತೇವೆ. ಬೆಳಗಾದ ಮೇಲೆ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಕೂತ ನಿಮ್ಮನ್ನು ಮಾತ್ರ ದುರುಗುಟ್ಟಿ ನೋಡುತ್ತೇವೆ. ಇದು ನನಗೆ ನಾಚಿಕೆಯ ವಿಷಯ.

ಎದೆಯ ಮೇಲಿನ ಬಟ್ಟೆಗೆ ಅಪ್ಪಣೆ ಬೇಕಾದ ಕಾಲ ಈ ಕೇರಳದಲ್ಲೇ ಇತ್ತು. ಈಗ ಕೇರಳ, ತಮಿಳುನಾಡಿನಲ್ಲಿ ಹಂಚಿಹೋಗಿರುವ ತಿರುವಾಂಕೂರು ಸಂಸ್ಥಾನದಲ್ಲಿ ಚಾನ್ನಾರ್ ಜಾತಿಯ ಹೆಂಗಸರು ಎದೆ ಮುಚ್ಚಿಕೊಳ್ಳಲು ಹತ್ತಾರು ವರ್ಷ ಹೋರಾಡಿದರು. 1859ರಲ್ಲಿ ರಾಜಾಜ್ಞೆ ಬಂತು. ಮುಚ್ಚಿಕೊಳ್ಳಬಹುದು, ಆದರೆ ಮೇಲ್ಜಾತಿಯವರ ಹಾಗೆ ಅಲ್ಲ ಎಂದಿತ್ತು ಅದು. ಅಪ್ಪಣೆ ಕೊಡುವಾಗಲೂ ಅಳತೆ ಅವರದೇ. 2014ರಲ್ಲಿ ಸುಪ್ರೀಂ ಕೋರ್ಟ್ ನಿಮ್ಮ ಲಿಂಗವನ್ನು ಹೇಳುವ ಹಕ್ಕು ನಿಮ್ಮದೇ ಎಂದಿತು. 2015ರಲ್ಲಿ ಕೇರಳ ದೇಶದಲ್ಲೇ ಮೊದಲು ಟ್ರಾನ್ಸ್‌ಜೆಂಡರ್ ನೀತಿ ತಂದಿತು. ಅದು ಹೆಮ್ಮೆಯೇ. ಆದರೆ ಅದನ್ನು ಕನ್ನಡದಲ್ಲಿ ಓದಿ ಹೇಳುವವರು ನಿಮ್ಮ ಊರಿಗೆ ಬಂದಿದ್ದಾರೆಯೇ?

ಇಲ್ಲಿಗೆ ನನ್ನ ಹಳೆಯ ನೋವೂ ಬಂದು ಸೇರುತ್ತದೆ. 1956ರ ನವೆಂಬರ್ 1ರಂದು ಕಾಸರಗೋಡನ್ನು ಕೇರಳಕ್ಕೆ ಸೇರಿಸಿ ನಮಗೆ ಒಂದು ರಾಜ್ಯ ತೊಡಿಸಿದರು. ಯಾರೂ ಅಳತೆ ತೆಗೆಯಲಿಲ್ಲ. 1967ರಲ್ಲಿ ಗಡಿಯ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಈಗಿನ ಕರ್ನಾಟಕಕ್ಕೆ ಸೇರಲಿ ಎಂದು ಅಳತೆ ಬರೆದುಕೊಟ್ಟಿತು. ಅಂಗಿ ಮಾತ್ರ ಹೊಲಿಯಲಿಲ್ಲ. 2020ರ ಮಾರ್ಚಿನಲ್ಲಿ, ಕೊರೊನಾ ಕಾಲದಲ್ಲಿ, ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಯನ್ನೇ ನಂಬಿದ್ದ ನಮ್ಮ ರೋಗಿಗಳು ಆಂಬುಲೆನ್ಸಿನಲ್ಲೇ ಕಾದರು. ಸರಿಹೊಂದದ ಬಟ್ಟೆಯಲ್ಲಿ ಬದುಕುವುದು ಎಂತದ್ದು ಎಂದು ಈ ಊರಿಗೆ ಗೊತ್ತಿದೆ. ನಿಮ್ಮ ಪತ್ರ ಮೊದಲು ಅರ್ಥವಾಗಬೇಕಾದದ್ದು ನಮಗೇ.

ಈಗ ಕೆಲಸದ ಮಾತು. ನಮ್ಮಲ್ಲಿ ರವಿಕೆ ಹೊಲಿಯುವ ಟೈಲರ್‌ಗಳಷ್ಟು ಎದೆಯ ಅಳತೆ ಬಲ್ಲವರು ಯಾರಿದ್ದಾರೆ? ಡಾರ್ಟ್, ಎಂದರೆ ಬಟ್ಟೆಯನ್ನು ಮಡಚಿ ಹೊಲಿಯುವ ಮಡಿಕೆ, ಎಲ್ಲಿ ಇಟ್ಟರೆ ಎದೆ ಎತ್ತಿ ಕಾಣುತ್ತದೆ ಎಂದು ತಿಳಿದವರಿಗೆ ಚಪ್ಪಟೆ ಮಾಡಲೂ ಬರುತ್ತದೆ. ನಾನು ಅಂಥ ಒಬ್ಬ ಅಕ್ಕನ ಅಂಗಡಿಗೆ ಹೋಗಿ ಕೇಳಿದೆ. ನಿಮ್ಮ ಹೆಸರು, ಊರು ಹೇಳಲಿಲ್ಲ. ಅವರಿಗೆ ಬೇಕಾದ್ದು ಎದೆಯ ಸುತ್ತಳತೆ, ಅದರ ಕೆಳಗಿನ ಸುತ್ತಳತೆ, ಭುಜದ ಅಗಲ. ಒಳಗೆ ಏನೂ ಕಟ್ಟದೆ, ಉಸಿರು ಹಿಡಿಯದೆ ನಿಲ್ಲಬೇಕು. ಹೊಲಿದ ಮೇಲೆ ಒಮ್ಮೆ ಹಾಕಿ ನೋಡಬೇಕು. ಎರಡೂ ಕೈ ಮೇಲೆತ್ತಿ, ಬಗ್ಗಿ, ದೀರ್ಘ ಉಸಿರು ತೆಗೆದು. ಪೂರ್ತಿ ಉಸಿರು ಬಾರದಿದ್ದರೆ ಬಿಚ್ಚಿ ಮತ್ತೆ ಹೊಲಿಯುತ್ತಾರಂತೆ.

ಎರಡು ಹೊಲಿಸಿ. ನಮ್ಮ ಮಳೆಗಾಲದಲ್ಲಿ ಒಂದು ಒಣಗುವುದಿಲ್ಲ. ಒದ್ದೆಯದನ್ನು ಹಾಕಿದರೆ ಬೆವರುಸಾಲೆ, ತುರಿ ತಪ್ಪಿದ್ದಲ್ಲ. ಬಚ್ಚಲ ಒಲೆಯ ಮೇಲೆ ಒಣಹಾಕಬೇಡಿ, ಬಿಸಿಗೆ ಹಿಗ್ಗುವ ಬಟ್ಟೆಯ ಶಕ್ತಿ ಹೋಗುತ್ತದೆ. ದಿನಕ್ಕೆ 8 ಗಂಟೆ ಸಾಕು. ಮಲಗುವಾಗ ಬೇಡವೇ ಬೇಡ. ವಾರದಲ್ಲಿ ಒಂದು ದಿನವಾದರೂ ಎದೆಗೆ ರಜೆ ಕೊಡಿ. ಓಡುವ, ಹೊರುವ ಕೆಲಸ ಇದ್ದ ದಿನ ಸ್ಪೋರ್ಟ್ಸ್ ಬ್ರಾ ಸಾಕು. ಚುಚ್ಚುವ ನೋವು, ಕೈ ಜೋಮು, ಏದುಸಿರು ಬಂದರೆ ಕೂಡಲೇ ತೆಗೆಯಿರಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ. ಅಸ್ತಮಾ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಕಚೇರಿಗೆ ಒಂದು ಕಾರ್ಡ್ ಹಾಕಿ, ಅಂಗಡಿಯ ದಾರಿ ಬರೆಯುತ್ತೇನೆ. ಮಧ್ಯಾಹ್ನ ಎರಡರ ಮೇಲೆ ಅಲ್ಲಿ ಗಿರಾಕಿಗಳು ಕಡಿಮೆ. ಆ ಮೂರು ಬೈಂಡರನ್ನೂ ಜೊತೆಗೆ ತರಲು ಅಕ್ಕ ಹೇಳಿದ್ದಾರೆ. ಹೊಲಿಗೆ ಬಿಚ್ಚಿ, ಎಲ್ಲಿ ತಪ್ಪಿದೆ ಎಂದು ಅವರಿಗೆ ನೋಡಬೇಕಂತೆ.