ಮಗಳ ಹೊಡೆತಕ್ಕೆ ಅಪ್ಪನಿಗೊಂದು ಅಡ್ಡ

ಪ್ರಶ್ನೆ: ನಾವು ಡಲ್ಲಾಸ್‌ನಲ್ಲಿದ್ದೇವೆ. ಹನ್ನೊಂದು ವರ್ಷದ ಮಗಳ ಸಾಫ್ಟ್‌ಬಾಲ್ ಅಭ್ಯಾಸಕ್ಕೆ ನಾನೇ ಚೆಂಡು ಎಸೆಯುತ್ತೇನೆ. ಮಡಚಿ ಕಾರಿನಲ್ಲಿ ಒಯ್ಯುವ ಪಾಪ್-ಅಪ್ ಬಲೆ ನನ್ನ ರಕ್ಷಣೆಗೆ ಸಾಕೇ?

ಉತ್ತರ: ಸಾಲದು ಸ್ವಾಮಿ. ಅದು ಹೊಡೆದ ಚೆಂಡು ಹಿಡಿಯುವ ಬಲೆ, ಹಿಂದೆ ಮನುಷ್ಯ ನಿಲ್ಲಲು ಅಲ್ಲ. 12 ಇಂಚು ಸುತ್ತಳತೆಯ ಆ ಚೆಂಡು ಚೆನ್ನಾಗಿಯೇ ಗಟ್ಟಿ. ಉಕ್ಕಿನ ಪೈಪಿನ ಚೌಕಟ್ಟಿಗೆ ಬಲೆ ಕಟ್ಟಿದ, ಬಿಚ್ಚಿ ಜೋಡಿಸುವ ಪರದೆ ಕೊಳ್ಳಿ. ಬೇಸ್‌ಬಾಲಿನ ಎಲ್-ಸ್ಕ್ರೀನ್‌ಗೆ, ಅಂದರೆ ಇಂಗ್ಲಿಷಿನ L ಆಕಾರದ ಪರದೆಗೆ, ಕೈಯನ್ನು ಮೇಲಿನಿಂದ ಬೀಸಿ ಎಸೆಯಲೆಂದು ಮೇಲಿನ ಮೂಲೆ ಖಾಲಿ ಇರುತ್ತದೆ. ಸಾಫ್ಟ್‌ಬಾಲಿನಲ್ಲಿ ನೀವು ಕೈಯನ್ನು ಕೆಳಗಿನಿಂದ ಬೀಸುತ್ತೀರಿ ಅಲ್ವಾ? ಹಾಗಾಗಿ ಸೊಂಟದ ಮಟ್ಟದಲ್ಲಿ ಕಿಂಡಿ ಬೇಕು. ಬಲೆಗೆ ಅಂಟಿಕೊಂಡು ನಿಲ್ಲಬೇಡಿ, ಚೆಂಡು ಬಡಿದರೆ ಬಲೆ ಹಿಂದಕ್ಕೆ ಉಬ್ಬುತ್ತದೆ. ಗಾಳಿಗೆ ಬೀಳದಂತೆ ಪರದೆಯ ಕಾಲಿಗೆ ಮರಳಿನ ಚೀಲ ಇಡಿ. ಎಸೆದ ತಕ್ಷಣ ಮರೆಗೆ ಸರಿದುಬಿಡಿ. ಹೊಡೆತ ನೋಡುವ ಆಸೆಗೆ ಇಣುಕುವ ಅಪ್ಪಂದಿರೇ ನಮ್ಮ ಮೈದಾನದಲ್ಲಿ ಜಾಸ್ತಿ! ಬಲೆ ಹರಿದರೆ ಸುಮ್ನೆ ದಾರ ಕಟ್ಟಬೇಡಿ, ಬದಲಿಸಿ.